ಅಪ್ಪನ ಕಾರಿಗೆ ಅಲಾರಾಂ ಕೂಡಿಸಿದ್ದು

ನಮ್ಮ ಓಣಿಯಲ್ಲಿ ಮೊಟ್ಟಮೊದಲು ಕಾರಿಗೆ ಅಲಾರಾಂ ಕೂಡಿಸಿದವಳು ನಾನು. ಕಳ್ಳರಿಗೆ ಹೆದರಿ ಕೂಡಿಸಿದೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಶುದ್ಧ ಸುಳ್ಳು. ನನ್ನ ಹೆದರಿಕೆ ಇದ್ದದ್ದು ಅಪ್ಪನ ಬಗ್ಗೆ. ಅವರು ಆ ಕಾರು ಹೊಡೆದುಕೊಂಡು ಹೋಗಿ ಯಾರನ್ನಾದರೂ ಕೊಂದಾರು, ಇಲ್ಲವೇ ತಾವೇ ಸತ್ತಾರು ಎಂದು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಮನೆಯವರಿಗೆ ಹುಕ್ಕೇರಿಯಲ್ಲಿ ಕಚೇರಿ ಕೆಲಸ. ಅಲ್ಲೇ ಒಂದು ಖೋಲಿ ಹಿಡಿದು ಶನಿವಾರಕ್ಕೊಮ್ಮೆ ಬರುತ್ತಿದ್ದರು. ಅಪ್ಪ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಾಯರ್‌ಮನ್ ಆಗಿದ್ದವರು. ಅವ್ವ ತೀರಿಕೊಂಡ ಮೇಲೆ, ಒಬ್ಬಳೇ ಮಗಳಾದ ನನ್ನ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಹತ್ಯಾರದ ಚೀಲ, ಮತ್ತು ನಿವೃತ್ತಿಯಾದಾಗ ಕೊಂಡ ಬಿಳಿಯ ಹಳೇ ಕಾರು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತಲ್ಲ, ಆ ನಮೂನೆಯದು. ನನಗೆ ಕಾರು ಹೊಡೆಯಲು ಕಲಿಸಿದವರೂ ಅವರೇ. ಕಲಿಸುವಾಗ ಬೈದದ್ದನ್ನೆಲ್ಲ ಬರೆದಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ನೋಟ್‌ಬುಕ್ಕು ತುಂಬುತ್ತಿತ್ತು.

ಬಂದ ಮರುವರ್ಷ ಅವರ ಕಣ್ಣು ಕೈಕೊಟ್ಟವು. ಘಟಪ್ರಭಾದ ಕಣ್ಣಿನ ಡಾಕ್ಟರು ನೋಡಿ, ಎದುರಿಗಿನದು ಕಾಣುತ್ತದೆ, ಬಾಜೂಕಿನದು ಕಾಣುವುದಿಲ್ಲ, ಹೋದ ನೋಟ ವಾಪಸು ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿಕೊಂಡು ಉಳಿಸಿಕೊಳ್ಳಬೇಕು ಎಂದರು. ಕಾರಿನ ಮಾತು ಡಾಕ್ಟರು ಎತ್ತಲಿಲ್ಲ. ಈ ಮುದುಕರು ಕಾರು ಹೊಡೆಯುತ್ತಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ನಾನು. ನಾನೂ ಎತ್ತಲಿಲ್ಲ.

ಅದಾಗಿ ತಿಂಗಳೊಳಗೆ, ಘೋಡಗೇರಿಯಲ್ಲಿರುವ ತಂಗಿಯನ್ನು ನೋಡಿ ಬರುತ್ತೇನೆಂದು ಹೋದವರು ಕಾರಿನ ಎಡಗಡೆಯ ಕನ್ನಡಿ ಕಳೆದುಕೊಂಡು ಬಂದರು. ಬಾಗಿಲಿನ ಸಂದಿಯಲ್ಲಿ ಕಬ್ಬಿನ ರವದಿ, ಒಣಗಿದ ಗರಿ, ಸಿಕ್ಕಿಕೊಂಡಿತ್ತು. ಏನಾಯಿತೆಂದು ಕೇಳಿದರೆ ಎತ್ತಿನಗಾಡಿ ಅಡ್ಡ ಬಂತು ಎಂದು ಹೇಳಿ ಒಳಗೆ ಹೋಗಿ ಮಲಗಿಬಿಟ್ಟರು. ಮರುದಿನ ಮುಂಜಾನೆ ನಮ್ಮ ಹಾಲಿನವನು ಮೊಳಕೈಗೆ ಬಟ್ಟೆ ಸುತ್ತಿಕೊಂಡು ಬಂದ. ರಸ್ತೆಯ ಎಡಕ್ಕೆ ತನ್ನ ಪಾಡಿಗೆ ಸೈಕಲ್ ತುಳಿಯುತ್ತಿದ್ದವನು ಎರಡೂ ಕ್ಯಾನು ಸಮೇತ ಕಬ್ಬಿನೊಳಗೆ ಹೋಗಿ ಬಿದ್ದಿದ್ದನಂತೆ. ಅಪ್ಪನೇ ಇಳಿದು ಬಂದು ಎತ್ತಿದರು, ಚೆಲ್ಲಿದ ಹಾಲಿನ ರೊಕ್ಕವನ್ನೂ ಕೊಟ್ಟರು ಎಂದ. ಆಮೇಲೆ ದನಿ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ ಅಕ್ಕೋರ, ಅಪ್ಪಾರಿಗೆ ನಾ ಕಂಡೇ ಇಲ್ಲರಿ," ಎಂದ. 

ಅಪ್ಪನಿಗೆ ನೇರವಾಗಿ ಹೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಕೇಳುವವರಿಗೇನು, ಕೇಳುತ್ತಾರೆ. ಅವರು ನಮ್ಮ ಅಪ್ಪನನ್ನು ಕಂಡಿಲ್ಲ. ಒಂದು ತರಗತಿ ತುಂಬ ಗದ್ದಲ ಹಾಕುವ ಹುಡುಗರನ್ನು ಕಣ್ಣಿನಲ್ಲೇ ಸುಮ್ಮನಾಗಿಸುವ ನಾನು, ಅಪ್ಪನ ಮುಂದೆ ನಿಂತರೆ ಮತ್ತೆ ನಾಲ್ಕನೇ ಇಯತ್ತೆಯವಳಾಗುತ್ತಿದ್ದೆ. ಶನಿವಾರ ಬಂದ ನಮ್ಮ ಮನೆಯವರು ಕೀಲಿ ಬಚ್ಚಿಡು ಎಂದು ಬುದ್ಧಿ ಹೇಳಿದರು. ಭಾರೀ ಬುದ್ಧಿವಂತರು. ಕೀಲಿ ಅಪ್ಪನ ಉಡದಾರದಲ್ಲಿತ್ತು. ನನ್ನ ಹತ್ತಿರ ಇದ್ದದ್ದು ಎರಡನೆಯ ಕೀಲಿ.

ಕನ್ನಡಿ ತರಲು ಗೋಕಾಕಕ್ಕೆ ಹೋದಾಗ ಅಲ್ಲಿಯ ಅಂಗಡಿಯಲ್ಲಿ ಆ ಅಲಾರಾಂ ಡಬ್ಬಿ ಕಂಡಿತು. ಒಂದು ಸೈರನ್, ಒಂದು ಕರೀ ಪೆಟ್ಟಿಗೆ, ಮಿಣುಕುವ ಕೆಂಪು ದೀಪ, ಎರಡು ರಿಮೋಟು, ಒಂದು ಗಂಟು ವಾಯರು. ಮುಟ್ಟಿದರೆ ಹೇಗೆ ಕೂಗುತ್ತದೆ ಎಂದು ಅಂಗಡಿಯವನು ವಿವರಿಸುತ್ತಿದ್ದ, ನಾನು ಹೂಂ ಹೂಂ ಎನ್ನುತ್ತಿದ್ದೆ. ಕೊನೆಗೆ ಒಂದು ದಪ್ಪ ವಾಯರು ತೋರಿಸಿ, ಇದನ್ನು ಎಂಜಿನ್ನಿನ ಲೈನಿನಲ್ಲಿ ಕೂಡಿಸಿ ರಿಮೋಟಿನಿಂದ ಬಂದ್ ಮಾಡಿದರೆ ಕೀಲಿ ಕೈಯಲ್ಲಿದ್ದವನೂ ಗಾಡಿ ಚಾಲೂ ಮಾಡಲಾರ ಎಂದ. ನನ್ನ ಕಿವಿ ನೆಟ್ಟಗಾದವು. ತಾನೇ ಬಂದು ಕೂಡಿಸಿಕೊಡುತ್ತೇನೆಂದರೂ ಒಲ್ಲೆ ಎಂದೆ. ಅವನು ಬಂದರೆ ಅಪ್ಪ ಪಕ್ಕದಲ್ಲೇ ಕುಳಿತು ಒಂದೊಂದು ವಾಯರಿನ ಹೆಸರು, ಕುಲ, ಗೋತ್ರ ಕೇಳುತ್ತಿದ್ದರು. ಆ ದಪ್ಪ ವಾಯರಿನ ಸುದ್ದಿ ಹೊರಬೀಳುತ್ತಿತ್ತು.

ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ ಯಾರದೋ ಜೀಪಿನಿಂದ ಟೇಪ್‌ರೆಕಾರ್ಡರ್ ಕದ್ದರಂತೆ, ಅದಕ್ಕೇ ತಂದೆ ಎಂದು ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು. ಭಾನುವಾರ ಹತ್ಯಾರದ ಚೀಲ ಬಿಚ್ಚಿ, ಕಾರಿನ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕುಳಿತೇಬಿಟ್ಟರು. ನಾನು ಪಂಜಾಬಿ ಡ್ರೆಸ್ಸು ಹಾಕಿಕೊಂಡು ತಲೆ ಸ್ಟೇರಿಂಗಿನ ಕೆಳಗೆ, ಕಾಲು ಓಣಿಯಲ್ಲಿ, ಅಂಗಾತ ಮಲಗಿದೆ. ನೀರಿಗೆ ಹೊರಟ ಹೆಂಗಸರು ನಿಂತು, ಅಕ್ಕೋರು ಯಾಕೆ ಗಾಡಿಯ ಕೆಳಗೆ ಬಿದ್ದಿದ್ದಾರೆ ಎಂದು ಅಪ್ಪನನ್ನು ವಿಚಾರಿಸಿಕೊಂಡು ಹೋದರು.

ಬ್ಯಾಟರಿಯ ತುದಿ ಬಿಚ್ಚುವುದನ್ನೇ ಮರೆತಿದ್ದೆ. ಮೊದಲ ವಾಯರಿಗೇ ಚಟ್ ಎಂದು ಕಿಡಿ ಹಾರಿತು. ವಿಜ್ಞಾನದ ಮಾಸ್ತರಿಕೆ ಮಾಡುವವಳು ಎಂದು ಅಪ್ಪ ಸರೀ ತರಾಟೆಗೆ ತೆಗೆದುಕೊಂಡರು. ಬಾಗಿಲ ಗುಂಡಿಯ ವಾಯರನ್ನು ಅರ್ಥಿಂಗಿಗೆ ಕೊಡುವ ಬದಲು ಲೈನಿಗೆ ಕೊಟ್ಟಿದ್ದೆ. ಸೈರನ್ ಬಾಯಿ ಮುಚ್ಚಲೊಲ್ಲದು. ಅದನ್ನೂ ಅವರೇ ಕೈಯಿಂದ ತಡವಿ ಹುಡುಕಿ ಬಿಚ್ಚಿಸಿದರು. ಕಣ್ಣಿಗೆ ಕಾಣದ್ದು ಅವರ ಬೆರಳಿಗೆ ಸಿಗುತ್ತಿತ್ತು. ತಾಮ್ರ ಕೆರೆ, ಹೊಸೆ, ಬೆಸುಗೆ ಹಾಕು, ಟೇಪು ಸುತ್ತು ಎಂದು ಒಂದೊಂದೇ ಹೇಳಿಕೊಟ್ಟರು. ಟೇಪು ಸುತ್ತಿದ ಮೇಲೆ ಚೀಲದಿಂದ ಗಿರಣಿಯ ನೂಲಿನ ಉಂಡೆ ತೆಗೆದರು. ಗಿರಣಿಯ ಉರಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತಿತ್ತಂತೆ. ಅದಕ್ಕೇ ಅವರ ಕಡೆಯ ವಾಯರ್‌ಮನ್‌ಗಳು ಟೇಪಿನ ತುದಿಗೆ ನೂಲು ಸುತ್ತಿ ಗಂಟು ಹಾಕುತ್ತಿದ್ದರು. ನೂಲಿಗೇನು ಅಲ್ಲಿ ಬರವೇ? ನಾನು ಮಾಡಿದ ಒಂದೊಂದು ಜೋಡಣೆಗೂ ಅವರೇ ಕೈಹಾಕಿ ನೂಲು ಕಟ್ಟಿದರು. ಆ ದಪ್ಪ ವಾಯರು ಏನೆಂದು ಕೇಳಿದರು. ಅದು ಬೇರೆ ನಮೂನೆಯ ಗಾಡಿಗಳಿಗಂತೆ, ನಮಗೆ ಬೇಡ ಎಂದೆ. ಹೌದೇನು ಎಂದರು.

ಮರುದಿನ ಮುಂಜಾನೆ ಅವರು ಬಸದಿಗೆ ಹೋದ ಹೊತ್ತಿನಲ್ಲಿ ನಾನು ಮತ್ತೆ ಸ್ಟೇರಿಂಗಿನ ಕೆಳಗೆ ತೂರಿ, ಎಂಜಿನ್ನಿಗೆ ಹೋಗುವ ಲೈನು ಕತ್ತರಿಸಿ ಆ ವಾಯರು ಕೂಡಿಸಿದೆ. ಬೆಸುಗೆಗೆ ಪುರುಸೊತ್ತಿರಲಿಲ್ಲ, ಹೊಸೆದು ಟೇಪು ಸುತ್ತಿದೆ. ರಿಮೋಟು ಒತ್ತಿ ಕೀಲಿ ತಿರುವಿದೆ. ಎಂಜಿನ್ನು ಗೊರ ಗೊರ ಎಂದಿತೇ ಹೊರತು ಚಾಲೂ ಆಗಲಿಲ್ಲ. ಎರಡೂ ರಿಮೋಟು ನನ್ನ ಪರ್ಸಿಗೆ ಹೋದವು. ಅಪ್ಪ ಬಸದಿಯಿಂದ ಬಂದು ಹಣೆಯ ಗಂಧದೊಂದಿಗೆ ನಗುತ್ತ ಚಹಾ ಕೇಳಿದಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಆದರೂ ಒಳಗೊಳಗೆ ಗೆದ್ದೆ ಎನಿಸಿತ್ತು, ಅದನ್ನೂ ಹೇಳಬೇಕು.

ಅಂದಿನಿಂದ ದಿನಾಲು ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆ ಕಾರಿನ ಕಿಲೋಮೀಟರ್ ನೋಡುತ್ತಿದ್ದೆ. ಶಾಲೆ ನಡಿಗೆಯ ದೂರದಲ್ಲಿದ್ದುದರಿಂದ ನಾನು ಕಾರು ತೆಗೆಯುತ್ತಿದ್ದದ್ದು ರಜೆಯಲ್ಲಿ ಮಾತ್ರ. ಒಂದು ಅಂಕೆಯೂ ಮುಂದೆ ಹೋಗಿರುತ್ತಿರಲಿಲ್ಲ. ಎಂಜಿನ್ ತಡೆಯುವ ಆ ವಾಯರನ್ನು ಮತ್ತೆ ಪರೀಕ್ಷಿಸುವ ಗೋಜಿಗೇ ನಾನು ಹೋಗಲಿಲ್ಲ. ಉತ್ತರ ಸರಿ ಬಂದ ಮೇಲೆ ಲೆಕ್ಕವನ್ನು ಮತ್ತೆ ಯಾರು ಮಾಡುತ್ತಾರೆ?

ಕಬ್ಬಿನ ಹಂಗಾಮು ಶುರುವಾದ ಮೇಲೆ ಸೈರನ್ನಿನ ಬಣ್ಣ ಬಯಲಾಯಿತು. ನಮ್ಮ ಮನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಆಳೆತ್ತರದ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಒಂದೊಂದು ಟ್ರ್ಯಾಕ್ಟರಿಗೂ ನಮ್ಮ ಕಾರು ಬೊಬ್ಬೆ ಹೊಡೆಯುತ್ತಿತ್ತು. ಎದುರು ಮನೆಯ ಕಾಕೂ, ನಮಗೆ ಚಿಕ್ಕಮ್ಮನಂಥವರು, ಎರಡು ವಾರ ತಡೆದು ನೋಡಿ, ಕಳ್ಳ ಬಂದರೆ ಅವನಿಗೆ ಚಹಾ ಕೊಟ್ಟು ಕಾರು ಕೊಟ್ಟು ಕಳಿಸು, ನಮಗೆ ಮಾತ್ರ ಮಧ್ಯಾಹ್ನ ಮಲಗಲು ಬಿಡು ಎಂದರು. ಸೈರನ್ನಿನ ವಾಯರು ಕಿತ್ತುಹಾಕಿದೆ. ಉಳಿದದ್ದು ಕೆಂಪು ದೀಪ ಮತ್ತು ನನ್ನ ಆ ದಪ್ಪ ವಾಯರು. ನನಗೆ ಬೇಕಾದದ್ದೂ ಅಷ್ಟೇ.

ಒಂದು ಸಂಜೆ ನೋಡಿದರೆ ಡ್ರೈವರ್ ಸೀಟು ಹಿಂದಕ್ಕೆ ಸರಿದಿತ್ತು. ಅಪ್ಪ ಎತ್ತರದವರು. ಹತ್ತಿ ಕುಳಿತಿದ್ದಾರೆ, ಕೀಲಿ ತಿರುವಿದ್ದಾರೆ, ಚಾಲೂ ಆಗಿಲ್ಲ, ಇಳಿದು ಬಂದಿದ್ದಾರೆ ಎಂದು ಮನಸ್ಸಿನಲ್ಲೇ ನಕ್ಕೆ. ಆಮೇಲೆ ಅದು ದಿನದ ಮಾತಾಯಿತು. ಸೀಟು ಹಿಂದೆ, ಕಿಲೋಮೀಟರ್ ಅಲ್ಲೇ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಹುಕ್ಕೇರಿಗೆ ಹೋಗಿದ್ದೆ. ಅಪ್ಪ ಬರಲೊಲ್ಲೆ ಎಂದರು. ಅಷ್ಟೂ ದಿನ ಕಾಕೂ ಅವರನ್ನು ಊಟಕ್ಕೆ ಕರೆದರು. ವಾರಗಟ್ಟಲೆ ನಿಂತರೆ ಅಲಾರಾಂ ಬ್ಯಾಟರಿಯನ್ನು ಹೀರಿಬಿಡುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ತಿರುಗಿ ಬಂದು ಕೀಲಿ ತಿರುವಿದರೆ ಒಂದೇ ಸಲಕ್ಕೆ ಚಾಲೂ. ನನ್ನ ಕೈಗುಣ ಎಂದುಕೊಂಡೆ.

ಎರಡನೆಯ ವರ್ಷ, ಕಣ್ಣು ತೋರಿಸಲು ಅಪ್ಪನನ್ನು ಘಟಪ್ರಭಾಕ್ಕೆ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ, ರೂಢಿಯಂತೆ ರಿಮೋಟು ಒತ್ತಿ ಒಳಗೆ ಹೋದೆವು. ಹೊರಗೆ ಬರುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ರಿಮೋಟು ಒತ್ತಿದರೆ ಕಾರಿನ ಕೆಂಪು ದೀಪ ಆರಲೇ ಇಲ್ಲ. ಊದಿದೆ, ಕುಟ್ಟಿದೆ, ಸೆರಗಿಗೆ ಒರೆಸಿದೆ. ಅದರ ಸೆಲ್ಲು ಸತ್ತಿತ್ತು. ಇನ್ನೊಂದು ರಿಮೋಟು ಮೂಡಲಗಿಯಲ್ಲಿ, ಕಪಾಟಿನಲ್ಲಿ. ಅಪ್ಪ ಕಣ್ಣಿಗೆ ಔಷಧ ಹಾಕಿಸಿಕೊಂಡು ಕರೀ ಕನ್ನಡಕದಲ್ಲಿ ನಿಂತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಇವತ್ತು ಇವರು ನನ್ನಿಂದಾಗಿ ಉಪವಾಸ ಎಂದು ನನಗೆ ಅಳುವೇ ಬಂತು. ಗಡಿಯಾರದ ಅಂಗಡಿಯಲ್ಲಿ ಸೆಲ್ಲು ಸಿಗುತ್ತದೆಯೇ ನೋಡಿ ಬರುತ್ತೇನೆ, ಇಲ್ಲೇ ನಿಂತಿರಿ ಎಂದೆ.

"ಎಲ್ಲಿಗೂ ಹೋಗಬ್ಯಾಡ. ಕೀಲಿ ತಿರುವು," ಎಂದರು ಅಪ್ಪ.

"ರಿಮೋಟ್ ಇಲ್ಲದ ಚಾಲೂ ಆಗೂದಿಲ್ಲರಿ ಅಪ್ಪಾ."

"ಆಗತೈತಿ. ತಿರುವು."

ಸಿಟ್ಟಿನಿಂದಲೇ ಒಳಗೆ ಕುಳಿತು ತಿರುವಿದೆ. ಚಾಲೂ ಆಯಿತು. ಅಪ್ಪ ಸುತ್ತಿ ಬಂದು ಪಕ್ಕದ ಬಾಗಿಲು ತಡವಿ ತೆಗೆದು ಕುಳಿತರು. ಊರು ದಾಟಿದೆವು. ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಯಾವಾಗ ಮಾಡಿದಿರಿ ಎಂದು ಕೇಳಿದೆ. ನೀನು ಕೂಡಿಸಿದ ದಿನವೇ, ನೀನು ಶಾಲೆಗೆ ಹೋದ ಮೇಲೆ ಎಂದರು. ಎಲ್ಲ ಸರಿಯಾಗಿದೆಯೇ ಎಂದು, ಸೈರನ್ ಕೂಗದಂತೆ ಬ್ಯಾಟರಿಯ ತುದಿ ಬಿಚ್ಚಿ, ಕೆಳಗೆ ಕೈಯಾಡಿಸಿದರಂತೆ. ನೂಲಿಲ್ಲದ ಜೋಡಣೆ ಒಂದು ಕೈಗೆ ಹತ್ತಿತಂತೆ. ತಮ್ಮ ಮುಂದೆ ಮಾಡಿದ್ದಲ್ಲ ಎಂದು ಆಗಲೇ ತಿಳಿಯಿತಂತೆ. ಒಂದು ತುಂಡು ವಾಯರಿನಿಂದ ಎರಡೂ ತುದಿ ಜೋಡಿಸಿಬಿಟ್ಟರು. ಆವತ್ತಿನಿಂದ ನಾನು ಪರ್ಸಿನಲ್ಲಿ ಹೊತ್ತುಕೊಂಡು ತಿರುಗಿದ್ದ ರಿಮೋಟು ಒಂದು ಆಟದ ಸಾಮಾನಾಗಿತ್ತು.

ನನಗೆ ಮೊದಲು ಉರಿದುಹೋಯಿತು. ಆಮೇಲೆ ಕಿಲೋಮೀಟರ್ ನೆನಪಾಯಿತು. ಇಷ್ಟು ದಿನ ಕಾರು ಹೊರಡಲು ಸಿದ್ಧವಾಗಿಯೇ ನಿಂತಿತ್ತು. ಕೀಲಿ ಅವರ ಉಡದಾರದಲ್ಲಿತ್ತು. ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ.

"ಮತ್ತ ಎಲ್ಲೂ ಹೊಡಕೊಂಡ ಹೋಗಲಿಲ್ಲಲ್ಲರಿ?"

"ಹಾಲಿನಾಂವ ಬಿದ್ದನಲ್ಲ, ಅವತ್ತ ಬಿಟ್ಟೇನವಾ. ಅವನ್ನ ಎತ್ತಾಕ ಹೋದ್ರ ಬಾಜೂಕ ಬಿದ್ದ ಸೈಕಲ್ ನನಗ ಕಾಣಲಿಲ್ಲ. ಕಾಲಿಗೆ ಹತ್ತಿದ ಮ್ಯಾಲ ತಿಳೀತು. ಅಲ್ಲಿಂದ ಮನಿತನಕ ಹೆಂಗ ಬಂದೆ, ನನಗ ಗೊತ್ತು."

ಹಾಗಿದ್ದರೆ ಆ ವಾಯರು ಯಾಕೆ ಜೋಡಿಸಬೇಕಿತ್ತು ಎಂದು ಕೇಳಿದೆ. ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಔಷಧದ ನೀರು ಇಳಿಯುತ್ತಿತ್ತು.

"ನಾನಾಗಿ ಬಿಟ್ಟದ್ದಕ್ಕ ನೀ ಕೀಲಿ ಹಾಕಿದ್ರ, ನಾ ಬಿಟ್ಟಂಗ ಹೆಂಗ ಆಕ್ಕೈತಿ? ಬಾಯಿಬಿಟ್ಟು ಕೇಳಿದ್ರ ಅವತ್ತ ಹೇಳತಿದ್ದೆ." ಆಮೇಲೆ, ದಿನಾಲು ಹತ್ತು ನಿಮಿಷ ಎಂಜಿನ್ನು ಚಾಲೂ ಮಾಡಿ ಕುಳಿತಿರುತ್ತಿದ್ದೆ, ಇಲ್ಲದಿದ್ದರೆ ನಿನ್ನ ಅಲಾರಾಂ ಬ್ಯಾಟರಿ ತಿಂದುಬಿಡುತ್ತಿತ್ತು ಎಂದರು.

ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲಿಲ್ಲ, ನಮ್ಮ ಮನೆಯಲ್ಲಿ ಆ ಮಾತಿನ ರೂಢಿ ಇಲ್ಲ. ಬೇಗ ಬೇಗ ಕಾರು ಹೊಡೆದೆ. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿ ಅವರಿಗೆ ರೊಟ್ಟಿ ಬಡಿದು ಹಾಕಿದೆ. ಅವರು ಉಣ್ಣುವಾಗ ಬ್ಯಾಟರಿ ಲೈಟು ಹಿಡಿದು ಸ್ಟೇರಿಂಗಿನ ಕೆಳಗೆ ನೋಡಿದೆ. ನನ್ನ ಸಡಿಲು ಜೋಡಣೆಯ ಎರಡೂ ಕಡೆ ಕೆರೆದು, ಬೆಸೆದು, ಟೇಪು ಸುತ್ತಿ, ನೂಲಿನ ಗಂಟು ಹಾಕಿದ್ದರು. ನಾನು ಮಾಡಿದ್ದ ಜೋಡಣೆಗೂ ಕಟ್ಟಿದ್ದರು, ಬಿಚ್ಚಿಹೋಗದ ಹಾಗೆ.

ಮರುದಿನ ಸಂಜೆ ಶಾಲೆಯಿಂದ ಬಂದಾಗ ಅವರು ಸ್ಟೇರಿಂಗಿನ ಮುಂದೆ ಕುಳಿತಿದ್ದರು. ಎಂಜಿನ್ನು ಚಾಲೂ ಇತ್ತು. ಪ್ರತಿದಿನ ನಾನು ಬರುವ ಮುಂಚೆ ಬಂದ್ ಮಾಡಿ ಒಳಗೆ ಹೋಗುತ್ತಿದ್ದವರು ಅಂದು ಏಳಲಿಲ್ಲ. ನಾನು ಇನ್ನೊಂದು ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತೆ. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅಪ್ಪನ ಕೈ ಗೇರಿನ ಮೇಲಿತ್ತು. ಹತ್ತು ನಿಮಿಷವಾದ ಮೇಲೆ ಕೀಲಿ ತಿರುವಿ ಬಂದ್ ಮಾಡಿ, ಊಟಕ್ಕೆ ಏಳು ಎಂದರು. ನಾನು ಕಿಲೋಮೀಟರ್ ನೋಡಲಿಲ್ಲ.