ಮೆಷಿನ್ನಿನಲ್ಲಿದ್ದ ಅರ್ಧ ಹಾಳೆ

ಬಂದವರಿಗೆ ಇಲ್ಲವೆನ್ನಬಾರದು ಎಂಬರ್ಥದ ಸಾಲೊಂದನ್ನು ಎಲ್ಲೋ ಓದಿದ ನೆನಪು. ಅದನ್ನು ಬರೆದವರು ಹುಮನಾಬಾದಿನಲ್ಲಿ ಟೈಪಿಂಗ್ ಅಂಗಡಿ ನಡೆಸಿರಲಾರರು, ಗೆಳತಿಯರೇ.

ನಾನು ಒಪ್ಪಿಕೊಂಡ ಕೆಲಸವೆಲ್ಲ ಮೇಜಿನ ತುಂಬ ಅರ್ಧರ್ಧವಾಗಿ ಬಿದ್ದಿದೆ. ಇವತ್ತು ಮಧ್ಯಾಹ್ನ ನನ್ನ ಪಾಲುದಾರಳು ಕಮಲಾ, ರಾಜೇಶ್ವರದ ಹುಡುಗಿಯೊಬ್ಬಳ ನರ್ಸ್ ತರಬೇತಿಯ ಅರ್ಜಿ ಟೈಪ್ ಮಾಡುತ್ತಿದ್ದಳು. ನಾಳೆ ಬೀದರಿನಲ್ಲಿ ಅದನ್ನು ಕೊಡಲು ಕೊನೆಯ ದಿನ. ಹುಡುಗಿ ಸಂಜೆಯ ಬಸ್ಸಿಗಾಗಿ ಬೆಂಚಿನ ತುದಿಯಲ್ಲಿ ಕುಳಿತಿದ್ದಳು.

ಅಷ್ಟರಲ್ಲಿ ವಕೀಲರೊಬ್ಬರು ಬಂದು, "ಅದನ್ನ ತಗದು ನಂದು ಹಾಕ್ರಿ, ಅರ್ಜೆಂಟ್ ಅದ" ಎಂದರು. ನಾನು ಎಂದಿನಂತೆ "ಆತ್ರಿ" ಎಂದುಬಿಟ್ಟೆ.

ಕಮಲಾ ಮೆಷಿನ್ನಿನಲ್ಲಿದ್ದ ಹಾಳೆಯ ಮೇಲೆ ಅಂಗೈ ಇಟ್ಟಳು. "ಅರ್ಧಾ ಹಾಳಿ ಹೊರಗ ತಗ್ಯಾಂಗಿಲ್ರಿ ಸಾಹೇಬ್ರ. ಕೈಯಾಗಿಂದು ಮುಗದ ಮ್ಯಾಲೇ ಮುಂದಿಂದು. ನಿಮ್ದು ನಾಳಿ ಮುಂಜಾನಿ ಹತ್ತಕ್ಕ."

"ಹತ್ತು ಅಂದ್ರ ಹತ್ತೇನು?"

"ಹತ್ತೇ ರೀ."

"ಈ ಅಂಗಡ್ಯಾಗ ಖರೇ ಟೈಮ್ ಕೇಳಿದ್ದು ಇವತ್ತೇ ನೋಡ್ರಿ" ಎಂದು ಗೊಣಗಿ, ಕಾಗದ ಇಟ್ಟು ಹೋದರು.

ಹುಡುಗಿ ಬಸ್ಸು ಹಿಡಿದಳು. ಕಮಲಾಳ ಅಂಗೈಗೆ ನಾನು ಋಣಿ.

ಬೀಗ ಹಾಕುವಾಗ ಪಕ್ಕದ ಕಿರಾಣಿ ಅಂಗಡಿಯ ಗಂಗಮ್ಮ ಬಾಗಿಲಿಗೆ ಬಂದಳು: "ವಕೀಲರಿಗೇ ನಾಳಿ ಬಾ ಅಂದ್ರಂತ! ಛಲೋ ಮಾಡಿದ್ರಿ ಅಕ್ಕಾರ. ನಂದು ಒಂದೇ ಹಾಳಿ ಅದ, ಈಗೇ ಹೊಡದು ಕೊಡ್ರಿ."