ಇಂಗ್ಲಿಷಿಗೆ ಕಟ್ಟಿದ ಒಡಪು

ಇಂಗ್ಲಿಷಿನ ದೊಡ್ಡ ಪದಗಳ ಭಯ ನನಗಿಲ್ಲ. ಅವು ದೊಡ್ಡ ಮನುಷ್ಯರ ಹಾಗೆ, ಬರುವ ಮೊದಲೇ ಸುದ್ದಿ ಕಳಿಸಿ ಬರುತ್ತವೆ. ನನ್ನನ್ನು ಗೋಳುಹೊಯ್ದುಕೊಂಡದ್ದು ಅಪ್, ಡೌನ್, ಇನ್, ಔಟ್ ಎಂಬ ಚಿಲ್ಲರೆ ಪದಗಳು. 'ಬ್ರೇಕ್' ಎಂದರೆ ಮುರಿಯುವುದು, ಅದು ನನಗೆ ಗೊತ್ತು. ಅದಕ್ಕೆ 'ಥ್ರೂ' ಸೇರಿದರೆ ವಿಜ್ಞಾನಿಯೊಬ್ಬನ ಕೊರಳಿಗೆ ಹಾರ ಬೀಳುತ್ತದೆಯಂತೆ. 'ಡೌನ್' ಸೇರಿದರೆ ನಮ್ಮ ಬಸ್ಸು ದಾರಿಯ ನಡುವಿನ ರಾಜೇಶ್ವರದ ಬಿಸಿಲಿನಲ್ಲಿ ಕೆಟ್ಟು ನಿಲ್ಲುತ್ತದೆ. ಮುರಿಯುವುದು ಒಂದೇ ಆದರೂ ಒಬ್ಬನಿಗೆ ಹಾರ, ನನಗೆ ಬಿಸಿಲು. ಇದೆಂಥ ನ್ಯಾಯ ಎಂದು ಯಾರನ್ನು ಕೇಳುವುದು?

ಈ ವಯಸ್ಸಿನಲ್ಲಿ ಈ ಉಸಾಬರಿ ಯಾಕೆ ಬಂತೆಂದರೆ, ನಾನೊಬ್ಬ ಅತಿಥಿ ಉಪನ್ಯಾಸಕ. ಇರುವುದು ಬಸವಕಲ್ಯಾಣದಲ್ಲಿ, ಇತಿಹಾಸ ಹೇಳುವುದು ಹುಮನಾಬಾದಿನ ಒಂದು ಸಣ್ಣ ಕಾಲೇಜಿನಲ್ಲಿ. ಮನೆಗೆ ಬಂದ ಅತಿಥಿಯನ್ನು ಮೊದಲು ಕೂಡಿಸುತ್ತೇವೆ. ಕಾಲೇಜಿನ ಅತಿಥಿಯನ್ನು ಮೊದಲು ಎಬ್ಬಿಸುತ್ತಾರೆ. ಈ ವರ್ಷ ಆಡಳಿತ ಮಂಡಳಿಗೆ ಹೊಸ ಹುರುಪು ಬಂತು. ಮಕ್ಕಳಿಗೆ ನೌಕರಿ ಸಿಗಬೇಕಾದರೆ ಇಂಗ್ಲಿಷಿನ ನುಡಿಗಟ್ಟುಗಳು ಬರಬೇಕು, ಅದೂ ತಂತ್ರಜ್ಞಾನ ಮತ್ತು ಆವಿಷ್ಕಾರದ ಸುತ್ತಲಿನವು. ಅವನ್ನು ಹೇಳಿಕೊಡಲು ಪ್ರತಿಯೊಬ್ಬ ಅತಿಥಿಯ ಕೈಗೂ ಒಂದು ಪುಸ್ತಿಕೆ ಬಂತು. ಮಂಡಳಿಯ ಎದುರು ಒಂದು ಮಾದರಿ ಪಾಠ ಮಾಡಬೇಕು. ಮೆಚ್ಚುಗೆಯಾಗದಿದ್ದರೆ ಮುಂದಿನ ಅವಧಿಗೆ ತರಗತಿಗಳಿಲ್ಲ.

ಪುಸ್ತಿಕೆಯ ಮೊದಲ ಪುಟದಲ್ಲೇ 'ಫೇಸ್ ಔಟ್' ಇತ್ತು. ಹಳೆಯ ಯಂತ್ರವನ್ನು ಒಮ್ಮೆಲೇ ಎಸೆಯದೆ, ಮೆಲ್ಲಮೆಲ್ಲಗೆ ಬಳಕೆಯಿಂದ ತೆಗೆಯುವುದು ಎಂದು ಅರ್ಥ. ಇಡೀ ಪುಸ್ತಿಕೆಯಲ್ಲಿ ಓದಿದ ಕೂಡಲೇ ನನ್ನ ತಲೆಯಲ್ಲಿ ಕೂತದ್ದು ಇದೊಂದೇ.

ಉಳಿದವು ಕೂರಲಿಲ್ಲ. 'ಲಾಗ್ ಇನ್' ಎಂಬುದನ್ನೇ ನೋಡಿ. ಹೆಸರನ್ನೂ ಗುಟ್ಟಿನ ಪದವನ್ನೂ ಕೊಟ್ಟು ಕಂಪ್ಯೂಟರಿನ ಒಳಹೋಗುವುದು ಎಂದು ಬರೆದಿದ್ದರು. ನನ್ನ ನಿಘಂಟಿನಲ್ಲಿ ಲಾಗ್ ಎಂದರೆ ಮರದ ದಿಮ್ಮಿ. ದಿಮ್ಮಿಗೂ ಬಾಗಿಲಿಗೂ ಏನು ಸಂಬಂಧ ಎಂದು ಯೋಚಿಸುವಷ್ಟರಲ್ಲಿ ಅರ್ಥ ಹಾರಿಹೋಗುತ್ತಿತ್ತು. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅದು ದಿನಾ ಬೆಳಿಗ್ಗೆ, ನಿನ್ನೆ ಕಲಿತದ್ದನ್ನು ನೀವು ಮರೆತಿದ್ದೀರಿ ಎಂದು ಟುಂಯ್ ಎನ್ನುತ್ತಿತ್ತು. ಮರೆತದ್ದು ನನಗೂ ಗೊತ್ತು ಮಾರಾಯ, ಏನನ್ನು ಮರೆತೆ ಎಂಬುದು ಬೇಕಾಗಿತ್ತು.

ನನ್ನ ನೆನಪನ್ನು ನಾನು ಮೊದಲಿನಿಂದಲೂ ನಂಬಿದವನಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ, ಸಾಕ್ಷಿಯನ್ನು ಅನುಮಾನಿಸು ಎಂಬುದು. ನನಗೆ ಸಿಕ್ಕಿರುವ ಸಾಕ್ಷಿಗಳಲ್ಲೆಲ್ಲ ತೀರಾ ಅನುಮಾನದ್ದು ನನ್ನ ತಲೆಯೇ. ಕೈಯಲ್ಲಿ ಚಾವಿ ಹಿಡಿದುಕೊಂಡು ಮನೆಯೆಲ್ಲ ಚಾವಿ ಹುಡುಕುವ ತಲೆ ಅದು.

ನನ್ನ ಹೆಂಡತಿ ನೀಲಾ ರೊಟ್ಟಿ ಬಡಿಯುತ್ತ ಈ ಜಪವನ್ನೆಲ್ಲ ಕೇಳಿ ಬೇಸತ್ತಳು.

"ರೀ, ಮುಂಜಾನಿಂದ ಅದನ್ನೇ ಒದರಾಕತ್ತೀರಿ. ಅರ್ಥ ಅಷ್ಟು ಹೇಳ್ರಿ, ಒಡಪು ಕಟ್ಟಿಕೊಡ್ತೀನಿ."

"ಇಂಗ್ಲಿಷಿಗೆ ಒಡಪು ಹ್ಯಾಂಗ ಕಟ್ತಿ?"

"ಹೆಸರು ಕೂಡಿದ್ರ ಸಾಕ್ರಿ. ಇಂಗ್ಲಿಷಾದ್ರೇನು, ಉರ್ದು ಆದ್ರೇನು."

ಒಡಪು ನಮ್ಮ ಕಡೆಯ ಹೆಂಗಸರ ಪದ್ಧತಿ. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ ಅದರಲ್ಲಿ ಹೆಸರು ಕೂಡಿಸಬೇಕು. ಹೊಸ ಮದುಮಕ್ಕಳನ್ನು ಹೊಸ್ತಿಲಲ್ಲೇ ಅಡ್ಡಗಟ್ಟಿ, ಒಬ್ಬರು ಇನ್ನೊಬ್ಬರ ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುತ್ತಾರೆ. ಬಸುರಿಯರಿಗೆ ಸೀಮಂತ ಮಾಡುವ ಕುಬಸದ ಮನೆಗಳಲ್ಲಿ ನೀಲಾಳ ಒಡಪಿಗೆ ಚಿಟಗುಪ್ಪದ ಬೀಗರೂ ಕಾದು ಕೂರುತ್ತಾರೆ. ಆದರೂ ನನಗೆ ನಂಬಿಕೆ ಬರಲಿಲ್ಲ. ಇದ್ದದ್ದನ್ನೇ ಮತ್ತೆ ಕಂಡುಹಿಡಿಯಲು ಹೆಣಗುವುದಕ್ಕೆ 'ರೀಇನ್ವೆಂಟ್ ದ ವ್ಹೀಲ್' ಎನ್ನುತ್ತಾರೆ, ಅಂದರೆ ಗಾಲಿಯನ್ನು ಮತ್ತೆ ಕಂಡುಹಿಡಿಯುವುದು, ಕಟ್ಟು ನೋಡೋಣ ಎಂದೆ. ಅವಳ ಕೈಯ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಒಡಪು ಬಂತು:

"ಗಾಡಿ ಅದ, ಗಾಲಿ ಅದ, ಮತ್ತ ಗಾಲಿ ಕಂಡುಹಿಡೀತಾರ,
ಕೈಯಾಗಿದ್ದದ್ದು ಹುಡುಕೋದ್ರಾಗ ಚನ್ನಬಸಪ್ಪನವ್ರು ಭಾಳ ಹುಷಾರ."

ಚನ್ನಬಸಪ್ಪನವರು ಎಂದರೆ ನಾನೇ. ಸಿಟ್ಟು ಬಂತು, ಆದರೆ ಸಾಲು ಅಂಟಿಕೊಂಡಿತು. ಆಮೇಲೆ ಒಂದೊಂದಾಗಿ ಎಲ್ಲಕ್ಕೂ ಒಡಪಾಯಿತು. ಒಂದೊಂದರಲ್ಲೂ ನನ್ನ ಮರ್ಯಾದೆ ಸ್ವಲ್ಪ ಸ್ವಲ್ಪ ಹೋಯಿತು.

ಇತಿಹಾಸದವನಾಗಿ ಇದಕ್ಕೊಂದು ಸಮರ್ಥನೆ ಹುಡುಕಿಕೊಂಡೆ. ನಮ್ಮ ಕಲ್ಯಾಣದಲ್ಲಿ ಮಾತಿನ ಕೊನೆಗೆ ಹೆಸರು ಕಟ್ಟುವುದು ಹೊಸದಲ್ಲ. ಶರಣರು ವಚನದ ಕೊನೆಗೆ ಇಷ್ಟದೈವದ ಅಂಕಿತ ಹಾಕಿದರು. ಅಂಕಿತವೇ ವಚನವನ್ನು ಕೇಳಿದವರ ನೆನಪಿನಲ್ಲಿ ಹಿಡಿದಿಟ್ಟಿರಬಹುದು. ಆಧಾರ ಕೇಳಬೇಡಿ, ಬಸ್ಸಿನಲ್ಲಿ ನಿಂತುಕೊಂಡು ಹೊಳೆದ ಸಿದ್ಧಾಂತವಿದು. ಅವರ ಅಂಕಿತ ದೇವರದು, ನೀಲಾಳದು ನನ್ನದು ಎಂಬ ತೊಡಕಿನ ಬಗ್ಗೆ ಮಾತ್ರ ಹುಮನಾಬಾದ್ ಬರುವವರೆಗೂ ಯೋಚಿಸಲಿಲ್ಲ.

ಮಾದರಿ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಮಂಡಳಿಯವರು ಕೂತರು. ನಡುವೆ ಕಾರ್ಯದರ್ಶಿ, ಬೇಳೆಕಾಳು ವ್ಯಾಪಾರದ ಹಿರಿಯರು. ಹಲಗೆಯ ಮೇಲೆ 'ರೀಇನ್ವೆಂಟ್ ದ ವ್ಹೀಲ್' ಎಂದು ಬರೆದು ತಿರುಗಿದೆ. ತಲೆ ಖಾಲಿ. ಅರ್ಥವಿಲ್ಲ, ಉದಾಹರಣೆಯಿಲ್ಲ. ಮುಂದಿನ ಸಾಲಿನ ಹುಡುಗಿಯರು ಪೆನ್ನೆತ್ತಿ ಕಾಯುತ್ತಿದ್ದರು. ನನ್ನ ಕಣ್ಣಿಗೆ ಕಂಡದ್ದು 'ಫೇಸ್ ಔಟ್' ಒಂದೇ. ಆಗ ಬಾಯಿ ನನ್ನನ್ನು ಕೇಳದೆ ತೆರೆಯಿತು. ಗಾಡಿ, ಗಾಲಿ, ಚನ್ನಬಸಪ್ಪನವರು, ಹುಷಾರು, ಎಲ್ಲವೂ ರಾಗದ ಸಮೇತ ಹೊರಬಂದವು.

ಒಬ್ಬ ಗಂಡಸು ತನ್ನ ಹೆಸರಿಗೆ ತಾನೇ, 'ಅವರು' ಎಂಬ ಗೌರವ ಸೇರಿಸಿ, ಒಡಪು ಹೇಳಿದ್ದನ್ನು ಹುಮನಾಬಾದ್ ಅದುವರೆಗೆ ಕಂಡಿರಲಿಕ್ಕಿಲ್ಲ. ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಕಾರ್ಯದರ್ಶಿಯವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಲಗ್ನದಾಗ ಹೆಣ್ಮಕ್ಕಳು ಹೇಳೋದಲ್ಲೇನ್ರಿ ಸರ್?"

"ಹೌದ್ರಿ," ಎಂದೆ. ಸುಳ್ಳು ಹೇಳಲು ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ಅವರು ಹುಡುಗಿಯರ ಕಡೆ ತಿರುಗಿ, "ಅರ್ಥ ಏನು, ಯಾರರೆ ಹೇಳ್ರಿ," ಎಂದರು.

ಹುಡುಗಿಯೊಬ್ಬಳು ಎದ್ದಳು. "ಇದ್ದದ್ದನ್ನೇ ಮತ್ತ ಕಂಡುಹಿಡಿಯೋದ್ರಿ. ನಮ್ಮ ಸರ್ ಮಾಡ್ತಾರಂತಲ್ರಿ, ಹಂಗ."

ಕಾರ್ಯದರ್ಶಿಯವರು ಬೆಂಚಿಗೆ ಕೈಯೂರಿ ನಕ್ಕರು. "ನಡೀಲಿ ತಗೋರಿ. ಮುಂದಿನ ಅವಧಿಗೂ ನೀವೇ ಇರ್ರಿ. ಮನ್ಯಾಗ ಇಂಥಾ ಒಡಪು ಇನ್ನೂ ಇದ್ರ ತರ್ರಿ."

ಹೀಗೆ ನನ್ನ ಫೇಸ್ ಔಟ್ ಒಂದು ಅವಧಿ ಮುಂದೆ ಹೋಯಿತು. ಈಗ ಕಾಲೇಜಿನ ಆವರಣದಲ್ಲಿ ಮಕ್ಕಳು ನನ್ನ ಹೆಸರಿಲ್ಲದೆ ಒಂದೂ ನುಡಿಗಟ್ಟು ಹೇಳುವುದಿಲ್ಲ. ನನ್ನ ನಂತರವೂ ನಾನು ಯಾವುದೋ ಗಾಲಿಗೆ ಸಿಕ್ಕಿಕೊಂಡು ತಿರುಗುತ್ತಿರುತ್ತೇನೇನೋ.

ಅಂದು ಸಂಜೆ ಮನೆಗೆ ಬಂದು ಅಂಗಳದಿಂದಲೇ ಸುದ್ದಿ ಹೇಳಿದೆ. ನೀಲಾ ಬಾಗಿಲಿಗೆ ಅಡ್ಡ ಕೈ ಹಿಡಿದಳು.

"ಹೆಸರು ಹೇಳಿ ಒಳಗ ಬರ್ರಿ. ಈ ಸಲ ನನ್ನ ಹೆಸರು."

ನಮ್ಮ ಲಗ್ನದಲ್ಲಿ ನಾನೂ ಒಂದು ಒಡಪು ಹೇಳಿದ್ದೆನೆಂದು ನನ್ನ ನೆನಪು. ಹೇಳಲಿಲ್ಲ ಎಂದು ಅವಳದು. ಇಬ್ಬರಲ್ಲಿ ಯಾರ ಸಾಕ್ಷಿಯನ್ನು ನಂಬಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕೈಯಲ್ಲಿ ಚೀಲ ಹಿಡಿದು ಹೊಸ್ತಿಲಾಚೆ ನಿಂತಾಗ, ದಿಮ್ಮಿಯನ್ನು ಬದಿಗೆ ಸರಿಸಿ 'ಲಾಗ್ ಇನ್' ನನಗೆ ಮೊದಲ ಸಲ ಅರ್ಥವಾಯಿತು. ತಡವರಿಸಿಕೊಂಡು ಕಟ್ಟಿದೆ:

"ಅಪ್ಪು ಡೌನು ಮರ್ತೀನಿ, ಇನ್ನು ಔಟು ನೆನಪಿಲ್ಲ,
ಲಾಗ್ ಇನ್ ಆಗಾಕ ಬಂದು ನಿಂತೀನಿ, ಬಾಗಿಲ ಬಿಡು ನೀಲಾ."

ಅವಳು ಸ್ವಲ್ಪ ಹೊತ್ತು ತೂಗಿ ನೋಡಿದಳು.

"ಪ್ರಾಸ ಕೂಡಿಲ್ಲ," ಎಂದು ಕೈ ತೆಗೆದಳು. "ಹೆಸರು ಕೂಡ್ಯದ, ಬರ್ರಿ."