ನಾಲ್ಕು ಬಾಯಿ, ಒಂದು ಕಣ್ಣು

ಲೋರ್ನಾ ವಿಕ್‌ಸ್ಟ್ರಮ್ ಇಪ್ಪತ್ತಾರು ಬೇಸಿಗೆಗಳನ್ನು ಅಮೆರಿಕದ ಮೊಂಟಾನಾದ ಬೆಟ್ಟದ ನೆತ್ತಿಯ ಕಾವಲು ಗೋಪುರದಲ್ಲಿ ಕಾಡ್ಗಿಚ್ಚಿನ ಹೊಗೆ ಕಾಯುತ್ತ ಕಳೆದವಳು. ಆ ಕಾವಲಿನವರಲ್ಲಿ ಒಂದು ಕಟ್ಟಳೆ: ಹೊಗೆ ಕಂಡರೆ, ಪಕ್ಕದ ಗೋಪುರದವರ ಮಾತು ಕಿವಿಗೆ ಬೀಳುವ ಮೊದಲೇ ತಾನು ಕಂಡ ದಿಕ್ಕನ್ನು ಬರೆದಿಡಬೇಕು. ಕೇಳಿ ಬರೆದ ದಿಕ್ಕು ದಿಕ್ಕೇ ಅಲ್ಲ.

ಗೋಪುರ ಮುಚ್ಚಿದ ಮೇಲೆ ಕಣಿವೆಯಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಶೋಧ ತಂಡ ಸೇರಿದಳು. ಅಲ್ಲಿ ಐದು ಡ್ರೋನ್‌ಗಳು, ಒಂದೊಂದಕ್ಕೂ ತನ್ನದೇ ಲೆಕ್ಕಾಚಾರದ ತಂತ್ರಾಂಶ. ಕಂಡದ್ದನ್ನು ಒಂದಕ್ಕೊಂದು ಹೇಳಿಕೊಂಡು, ತೂಗಿ ನೋಡಿ, ಎಲ್ಲಿ ಹುಡುಕಬೇಕೆಂದು ಕೂಡಿ ಹೇಳುತ್ತಿದ್ದವು. ತಂಡದವರು ತಮಾಷೆಗೆ ಅವನ್ನು ‘ಹಿರಿಯರು’ ಎನ್ನುತ್ತಿದ್ದರು.

ಆಗಸ್ಟಿನಲ್ಲಿ ಒಮ್ಮೆ, ಕಾಡಿನ ಹಣ್ಣು ಕೀಳಲು ಹೋದ ಎಪ್ಪತ್ತೊಂದರ ಅಜ್ಜಿ ಅಯೋನ್ ಪ್ರೇದರ್ ಹಿಂದಿರುಗಲಿಲ್ಲ. ಮರುದಿನ ಮಧ್ಯಾಹ್ನ ಮೋಡ ಕವಿಯುತ್ತಿತ್ತು. ಬೆಟ್ಟ ಹತ್ತಲು ಇದ್ದವರು ಆರೇ ಜನ. ಅವರನ್ನು ಎಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಅಂದು ಲೋರ್ನಾಳದು.

ಪರದೆ ನೋಡುತ್ತಿದ್ದ ಡೇಲ್ ಹಾಗೆನ್ ಹೇಳಿದ, “ನಾಲ್ಕು ಹಿರಿಯರು ಹಳ್ಳ ಅಂತಾವೆ, ನೂರಕ್ಕೆ ತೊಂಬತ್ತು ಖಾತ್ರಿಯಂತೆ. ಐದನೇದು ಮಾತ್ರ ಉತ್ತರದ ಕಮರೀಲಿ ಏನೋ ಕಂಡೆ ಅಂತಿದೆ, ಅದೂ ನಲವತ್ತು. ಗುಡ್ಡ ಅಡ್ಡ ಬಂದು ಅದಕ್ಕೆ ಬೇರೆಯವರ ಮಾತೇ ಕೇಳ್ಸಿಲ್ಲ, ಪಾಪ.”

“ಹಳ್ಳದಲ್ಲಿ ಕಣ್ಣಾರೆ ಕಂಡಿದ್ದು ಯಾವುದು?”

“ಎರಡನೇದು. ಏನೋ ಕೆಂಪು ಬಟ್ಟೆ. ಮೊದಲು ಮೂವತ್ತು ಅಂದಿತ್ತು.”

“ಮಿಕ್ಕ ಮೂರು?”

“ಅದರ ಮಾತು ಕೇಳಿ ಹೂಂ ಅಂದ್ವು. ಅವು ಹೂಂ ಅಂದಿದ್ದು ಕೇಳಿ ಎರಡನೇದು ತನ್ನ ಖಾತ್ರೀನ ಇನ್ನೂ ಏರಿಸ್ತು.”

“ನಾಲ್ಕು ಬಾಯಿ, ಒಂದೇ ಕಣ್ಣು. ನಮ್ಮೂರ ಗಾಳಿಮಾತೂ ಇಷ್ಟು ಬೇಗ ಹಬ್ಬಲ್ಲ.”

“ನಿಂಗೆ ಯಂತ್ರ ಅಂದ್ರೇ ಆಗಲ್ಲ ಬಿಡು, ಲೋರ್ನಾ.”

“ಯಂತ್ರ ಏನ್ಮಾಡ್ತು? ಮನುಷ್ಯರೂ ಮಾಡೋ ತಪ್ಪೇ ಇದು.”

ಬಾಯಲ್ಲಿ ಹಾಗೆಂದಳು, ಎದೆ ಮಾತ್ರ ಅಷ್ಟು ಗಟ್ಟಿಯಿರಲಿಲ್ಲ. ಆ ಕೆಂಪು ಬಟ್ಟೆ ಅಯೋನಳದೇ ಆಗಿದ್ದರೆ? ನಾಲ್ವರನ್ನು ಹಳ್ಳಕ್ಕೆ, ಇಬ್ಬರನ್ನು ಕಮರಿಗೆ ಕಳಿಸಿದಳು.

ಹಳ್ಳದಲ್ಲಿ ಸಿಕ್ಕಿದ್ದು ಹರಕು ಗುಡಾರದ ಬಟ್ಟೆ. ಅಯೋನ್ ಕಮರಿಯಲ್ಲಿದ್ದಳು, ಸೊಂಟ ಮುರಿದಿತ್ತು, ಜೀವವಿತ್ತು. ಆದರೆ ಆ ಕಡಿದಾದ ದಾರಿಯಲ್ಲಿ ಇಬ್ಬರೇ ಹೊತ್ತು ತರುವಂತಿರಲಿಲ್ಲ. ಹಳ್ಳದವರು ಬೆಟ್ಟ ಬಳಸಿ ಬರುವಷ್ಟರಲ್ಲಿ ಮೂರು ತಾಸು, ಮೂರು ತಾಸೂ ಕೊರೆಯುವ ಮಳೆ. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಅಯೋನ್ ತೀರಿಕೊಂಡಳು.

“ನೀನಂದಿದ್ದೇ ಸರಿಯಾಯ್ತು,” ಎಂದ ಡೇಲ್, ತಂಡದವರ ಮುಂದೆ.

“ಸರಿ ಅಂತ ಗೊತ್ತಿದ್ದವಳು ಕಮರಿಗೆ ಇಬ್ಬರನ್ನೇ ಕಳಿಸ್ತಾಳಾ?”



ಮಣ್ಣಾದ ಮರುವಾರ ಲೋರ್ನಾ ಅಯೋನಳ ಮಗಳು ಮಾರ್ಲಿಸ್‌ಳ ಬಾಗಿಲು ತಟ್ಟಿದಳು. ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. ನಾಲ್ವರನ್ನು ಎಲ್ಲಿಗೆ, ಇಬ್ಬರನ್ನು ಎಲ್ಲಿಗೆ ಎಂಬುದನ್ನು ಎರಡು ಸಲ ಹೇಳಿದಳು.

ಮಾರ್ಲಿಸ್ ಬಾಗಿಲಿಗೆ ಅಡ್ಡ ನಿಂತೇ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಆ ಮಳೇಲಿ ಅಮ್ಮ ಒಬ್ಬಳೇ ಇದ್ದಳಾ?” ಎಂದಳು.

“ಇಲ್ಲ. ಇಬ್ಬರೂ ಜೊತೆಗಿದ್ರು. ಒಬ್ಬ ಕೈ ಹಿಡ್ಕೊಂಡೇ ಇದ್ದ.”

ಮಾರ್ಲಿಸ್ ಬಾಗಿಲಿಗೆ ಅಡ್ಡವಾಗಿದ್ದವಳು ಪಕ್ಕಕ್ಕೆ ಸರಿದು, ಒಳಗೆ ಬರಲು ದಾರಿ ಬಿಟ್ಟಳು.